ಮನೆಯ ಹಿಂದೆ ಹೆದ್ದಾರಿ ಬಂದರೆ ಮನೆಯ ಬೆಲೆ ಏನಾಗುತ್ತದೆ?

ಪ್ರಶ್ನೆ: ಒಂಬತ್ತು ವರ್ಷಗಳ ಹಿಂದೆ ಕಟ್ಟಿಸಿದ ಎರಡು ಅಂತಸ್ತಿನ ಮನೆ ನಮ್ಮದು. ನನ್ನ ನಿವೃತ್ತಿಗೆ ಇನ್ನು ನಾಲ್ಕು ವರ್ಷಗಳಿವೆ. ಆಗ ಈ ಮನೆಯನ್ನು ಮಾರಿ, ಮಗಳಿರುವ ಊರಿನಲ್ಲಿ ಚಿಕ್ಕದೊಂದು ಮನೆ ಕೊಂಡು, ಉಳಿದ ಹಣವನ್ನು ಜೀವನಕ್ಕೆ ಇಟ್ಟುಕೊಳ್ಳುವ ಯೋಚನೆ ನಮ್ಮದಾಗಿತ್ತು. ಕಳೆದ ತಿಂಗಳು ಮನೆಯ ಹಿಂದಿನ ಬಯಲಿನಲ್ಲಿ ಸರ್ವೆಯವರು ಬಂದು ಕಲ್ಲು ನೆಟ್ಟು ಹೋದರು. ಆರು ಪಥದ ಹೊಸ ಹೆದ್ದಾರಿಯಂತೆ. ನಮ್ಮ ಹಿಂಗೋಡೆಯಿಂದ ಆ ಕಲ್ಲಿಗೆ ಸುಮಾರು 180 ಮೀಟರ್. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಹೆದ್ದಾರಿಗೆ ಹತ್ತಿಳಿಯುವ ಜಾಗ ನಮ್ಮಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಬರುತ್ತದೆ ಎನ್ನುತ್ತಾರೆ. ಪರಿಚಯದ ದಲ್ಲಾಳಿಯೊಬ್ಬರು "ಈಗ ಮಾರಬೇಡಿ, ರಸ್ತೆ ಆದ ಮೇಲೆ ಎರಡು ಪಟ್ಟು ಸಿಗುತ್ತದೆ" ಎನ್ನುತ್ತಿದ್ದಾರೆ. ನನ್ನ ಭಾವಮೈದುನ "ಸುದ್ದಿ ಹರಡುವ ಮೊದಲೇ ಮಾರಿ ಕೈ ತೊಳೆದುಕೊಳ್ಳಿ" ಎನ್ನುತ್ತಾನೆ. ತಾಯಿಗೆ ಉಬ್ಬಸವಿದೆ, ಅವರು ಮಲಗುವ ಕೋಣೆ ಹಿಂಭಾಗದಲ್ಲೇ ಇದೆ. ಲಾರಿಗಳ ಓಡಾಟಕ್ಕೆ ಗೋಡೆ ಬಿರುಕು ಬಿಡುತ್ತದೆ ಎಂದೂ ನೆರೆಯವರು ಹೆದರಿಸುತ್ತಿದ್ದಾರೆ. ನಾವು ಈಗಲೇ ಮಾರಬೇಕೇ, ಕಾಯಬೇಕೇ? ಮಾರುವುದಾದರೆ ಕೊಳ್ಳುವವರಿಗೆ ಹೆದ್ದಾರಿಯ ವಿಷಯ ಹೇಳಲೇಬೇಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಬೆಲೆಯ ವಿಚಾರ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು, ನಿವೃತ್ತಿಯ ಇಡೀ ಲೆಕ್ಕಾಚಾರ ಒಂದೇ ಮನೆಯ ಮೇಲೆ ನಿಂತಿರುವಾಗ ಆ ಮನೆಯ ಪಕ್ಕದಲ್ಲಿ ಏನಾಗಬೇಕೆಂಬುದನ್ನು ಬೇರೆ ಯಾರೋ ತೀರ್ಮಾನಿಸಿಬಿಟ್ಟಿದ್ದಾರೆ ಎಂಬ ಅಸಹಾಯಕತೆ. ಇಷ್ಟು ವರ್ಷಗಳ ಆಸ್ತಿ ಮೌಲ್ಯಮಾಪನದ ಕೆಲಸದಲ್ಲಿ ಈ ಆತಂಕವನ್ನು ಹೊತ್ತು ಬಂದ ಅನೇಕ ಕುಟುಂಬಗಳನ್ನು ಕಂಡಿದ್ದೇನೆ. ಅವರಲ್ಲಿ ಅವಸರಕ್ಕೆ ಮಾರಿ ನಷ್ಟ ಮಾಡಿಕೊಂಡವರೂ ಇದ್ದಾರೆ, ದಲ್ಲಾಳಿಯ ಮಾತು ನಂಬಿ ಹತ್ತು ವರ್ಷ ಕಾದು ಕುಳಿತವರೂ ಇದ್ದಾರೆ. ನಿಮಗೆ ಎರಡೂ ಆಗಬಾರದು.

ದಲ್ಲಾಳಿಯ ಮಾತು ಪೂರ್ತಿ ಸುಳ್ಳಲ್ಲ, ಭಾವಮೈದುನನ ಮಾತೂ ಸುಳ್ಳಲ್ಲ. ಅವರಿಬ್ಬರೂ ಬೇರೆ ಬೇರೆ ವಸ್ತುಗಳ ಬಗ್ಗೆ ಮಾತನಾಡುತ್ತಿದ್ದಾರೆ, ಅಷ್ಟೆ. ಮೌಲ್ಯಮಾಪನ ಮಾಡುವಾಗ ನಾವು ಒಂದು ಆಸ್ತಿಯನ್ನು ಎರಡಾಗಿ ಬಿಡಿಸಿ ನೋಡುತ್ತೇವೆ: ಕೆಳಗಿರುವ ನೆಲ ಒಂದು, ಅದರ ಮೇಲೆ ನಿಂತಿರುವ ಮನೆ ಇನ್ನೊಂದು. ಹೆದ್ದಾರಿ ಬಂದಾಗ ಎರಡು ಪಟ್ಟು, ಮೂರು ಪಟ್ಟು ಆಯಿತೆಂದು ಕೇಳುತ್ತೇವಲ್ಲ, ಅದು ಸಾಮಾನ್ಯವಾಗಿ ನೆಲದ ಕಥೆ. ಅದೂ ಗೋದಾಮು, ಪೆಟ್ರೋಲ್ ಬಂಕ್, ವಸತಿಗೃಹ, ಅಂಗಡಿ ಸಾಲು ಮುಂತಾದ ಉಪಯೋಗಕ್ಕೆ ತಿರುಗಿಸಬಹುದಾದ, ವಾಹನಗಳು ನೇರವಾಗಿ ಬಂದು ನಿಲ್ಲಬಹುದಾದ ನೆಲದ ಕಥೆ. ನಿಮ್ಮದು ಬಡಾವಣೆಯ ಒಳಗಿನ ವಸತಿ ನಿವೇಶನ. ಅದರ ಮೇಲೆ ಒಂಬತ್ತು ವರ್ಷದ ಗಟ್ಟಿ ಮನೆಯಿದೆ. ಅದನ್ನು ಕೊಳ್ಳಲು ಬರುವವರು ವಾಸಕ್ಕೆಂದೇ ಬರುತ್ತಾರೆ. ವಾಸಕ್ಕೆ ಬರುವವರು ನೋಡುವುದು ರಾತ್ರಿಯ ನಿದ್ದೆ, ಕಿಟಕಿಯ ಗಾಳಿ, ಮಕ್ಕಳು ಆಡುವ ಜಾಗ. ಆ ದೃಷ್ಟಿಯಿಂದ ಹಿತ್ತಲಿನ ಹೆದ್ದಾರಿ ಮನೆಯ ಬೆಲೆಯನ್ನು ಕೆಳಗೆಳೆಯುತ್ತದೆ.

"ಹೆದ್ದಾರಿಗೆ ಹತ್ತಿರ" ಎಂಬ ಮಾತಿನಲ್ಲೂ ಇಂಥದೇ ಗೊಂದಲವಿದೆ. ಹೆದ್ದಾರಿಯ ಲಾಭ ಬರುವುದು ಅದರ ಬಾಯಿಯಿಂದ, ಅಂದರೆ ಹತ್ತಿಳಿಯುವ ಜಾಗದಿಂದ. ನಷ್ಟ ಬರುವುದು ಅದರ ಉದ್ದಕ್ಕೂ. ಎರಡೂ ಕಡೆ ಬೇಲಿ ಹಾಕಿ ಪ್ರವೇಶವನ್ನು ನಿರ್ಬಂಧಿಸಿದ ಈ ಕಾಲದ ರಸ್ತೆಗಳಲ್ಲಿ ಈ ಎರಡು ದೂರಗಳಿಗೆ ಪರಸ್ಪರ ಸಂಬಂಧವೇ ಇರುವುದಿಲ್ಲ. ನಿಮ್ಮ ವಿಷಯದಲ್ಲಿ ಅಂಚಿಗೆ 180 ಮೀಟರ್, ಬಾಯಿಗೆ ನಾಲ್ಕು ಕಿಲೋಮೀಟರ್. ಬಾಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿದ್ದು, ಅಂಚಿನಿಂದಲೂ ಅಷ್ಟೇ ದೂರವಿರುವ ಮನೆಯವರಿಗೆ ಲಾಭ ಮಾತ್ರ ಸಿಗುತ್ತದೆ. ನಿಮಗೆ ಲಾಭದಲ್ಲಿ ಸ್ವಲ್ಪ ಪಾಲು, ಸದ್ದಿನಲ್ಲಿ ದೊಡ್ಡ ಪಾಲು.

ಹಾಗೆಂದು ಲಾಭವನ್ನು ಸೊನ್ನೆ ಎಂದು ಬರೆದುಕೊಳ್ಳಬೇಡಿ. ನಿಮ್ಮ ಊರಿನ ಜನ ದಿನವೂ ಕೆಲಸಕ್ಕೆ, ಕಾಲೇಜಿಗೆ, ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಈ ರಸ್ತೆ ಇಪ್ಪತ್ತು ನಿಮಿಷ ಉಳಿಸುವುದಾದರೆ ಇಡೀ ಊರಿಗೆ ಬೇಡಿಕೆ ಬರುತ್ತದೆ, ಊರಿನೊಂದಿಗೆ ನಿಮ್ಮ ಮನೆಯೂ ಮೇಲೇರುತ್ತದೆ. ಉಳಿತಾಯ ನಾಲ್ಕೈದು ನಿಮಿಷವಷ್ಟೇ ಆದರೆ, ಅಥವಾ ಆ ರಸ್ತೆ ನಿಮ್ಮ ಊರಿನವರಿಗೆ ಬೇಡದ ದಿಕ್ಕಿಗೆ ಹೋಗುವುದಾದರೆ, ಏರಿಕೆಗೆ ಆಧಾರವೇ ಇಲ್ಲ. ಆದ್ದರಿಂದ ಹೆದ್ದಾರಿ ಆದ ಐದು ವರ್ಷಗಳ ನಂತರ ನಿಮ್ಮ ಮನೆಯ ಬೆಲೆ ಇಂದಿಗಿಂತ ಹೆಚ್ಚಿರಬಹುದು, ಅದೇ ಸಮಯಕ್ಕೆ ಅರ್ಧ ಕಿಲೋಮೀಟರ್ ಒಳಗಿರುವ ಅಂಥದೇ ಮನೆಗಿಂತ ಕಡಿಮೆಯೂ ಇರಬಹುದು. ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ಬೇರೆ ಊರಿಗೆ ಹೋಗಿ ಮನೆ ಕೊಳ್ಳಲಿರುವ ನಿಮಗೆ ಕೈಗೆ ಬರುವ ಮೊತ್ತ ಮುಖ್ಯವೇ ಹೊರತು ಪಕ್ಕದ ಬೀದಿಯೊಂದಿಗಿನ ಹೋಲಿಕೆ ಮುಖ್ಯವಲ್ಲ.

ಸದ್ದಿನಿಂದ ಆಗುವ ನಷ್ಟವನ್ನು ಅಳೆಯಲು ಸಾಧ್ಯವೇ ಎಂದು ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ಸಾಧ್ಯ. ಮನೆಯ ಬೆಲೆಯೆಂದರೆ ಅದರ ಒಂದೊಂದು ಗುಣಕ್ಕೂ, ಅಂದರೆ ಕೋಣೆಗಳ ಸಂಖ್ಯೆ, ವಯಸ್ಸು, ಬೀದಿ, ನಿಶ್ಶಬ್ದ ಇವುಗಳಿಗೆ ಜನ ಕೊಡಲು ಒಪ್ಪುವ ಬೆಲೆಗಳ ಮೊತ್ತ ಎಂಬ ವಿಚಾರವನ್ನು 1974ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಶರ್ವಿನ್ ರೋಸೆನ್ ಸಿದ್ಧಾಂತವಾಗಿ ಕಟ್ಟಿಕೊಟ್ಟರು. ಇದೇ ವಿಧಾನ ಬಳಸಿ ರಸ್ತೆ ಸದ್ದಿನ ಪರಿಣಾಮವನ್ನು ಅಳೆದ ಹಲವು ಅಧ್ಯಯನಗಳನ್ನು 1982ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ನೆಲ್ಸನ್ ಒಟ್ಟುಗೂಡಿಸಿ ನೋಡಿದಾಗ, ಒಂದು ಡೆಸಿಬೆಲ್ ಹೆಚ್ಚಾದರೆ ಮನೆಯ ಬೆಲೆ ಸರಾಸರಿ ಶೇ. 0.4ರಷ್ಟು ಕುಗ್ಗುತ್ತದೆ ಎಂದು ಕಂಡುಬಂತು. ಅದು ಉತ್ತರ ಅಮೆರಿಕದ ಮನೆಗಳ ಲೆಕ್ಕ, ಅದೂ ಸರಾಸರಿ. ನಿಮ್ಮ ಮನೆಗೆ ಅದನ್ನು ಹಾಗೆಯೇ ತಂದು ಅಂಟಿಸಲಾಗದು. ಆದರೂ ನಷ್ಟದ ಗಾತ್ರ ಯಾವ ಮಟ್ಟದ್ದು ಎಂಬುದನ್ನು ತಿಳಿಯಲು ಅದು ಒಂದು ಊರುಗೋಲು.

ಆ ಊರುಗೋಲು ಹಿಡಿದು ನಿಮ್ಮ 180 ಮೀಟರನ್ನು ನೋಡೋಣ. ಎಡೆಬಿಡದೆ ವಾಹನಗಳು ಹರಿಯುವ ರಸ್ತೆಯಿಂದ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 3 ಡೆಸಿಬೆಲ್ ಇಳಿಯುತ್ತದೆ. ನಡುವೆ ಹುಲ್ಲು, ಉತ್ತ ಹೊಲದಂತಹ ಮೆತ್ತನೆಯ ನೆಲವಿದ್ದರೆ 4.5ರವರೆಗೆ ಇಳಿಯಬಹುದು. ರಸ್ತೆಯಿಂದ 30 ಮೀಟರ್ ದೂರದಲ್ಲಿ 75 ಡೆಸಿಬೆಲ್ ಇದೆಯೆಂದು ಇಟ್ಟುಕೊಂಡರೆ, ನಡುವೆ ಮರೆಯಿಲ್ಲದಿದ್ದಾಗ ನಿಮ್ಮ ಹಿಂಗೋಡೆಯ ಹೊರಗೆ 63ರಿಂದ 67 ಡೆಸಿಬೆಲ್ ಸಿಗುತ್ತದೆ. ಈಗ ಅಲ್ಲಿ 50 ಇದೆಯೆಂದರೆ ಏರಿಕೆ 13ರಿಂದ 17. ನೆಲ್ಸನ್ ಅವರ ಸರಾಸರಿಯಂತೆ ಬೆಲೆಯಲ್ಲಿ ಶೇ. 5ರಿಂದ 7ರ ಕಡಿತ. "ಇಷ್ಟೇನಾ" ಎಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಮನೆ ಮಣ್ಣುಪಾಲಾಯಿತು ಎನ್ನುವ ಭಯಕ್ಕೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಆದರೆ ಈ ಲೆಕ್ಕದಲ್ಲಿ ಕಾಣದ ಒಂದು ನಷ್ಟವಿದೆ, ನನ್ನ ಅನುಭವದಲ್ಲಿ ಅದೇ ದೊಡ್ಡದು. ಸದ್ದಿನ ಮನೆಯನ್ನು ನೋಡಲು ಹತ್ತು ಜನ ಬಂದರೆ ಏಳೆಂಟು ಜನ ಬೆಲೆಯ ಮಾತೇ ಎತ್ತದೆ ಹೋಗಿಬಿಡುತ್ತಾರೆ. ಉಳಿದ ಇಬ್ಬರು ಮೂವರಲ್ಲಿ ಒಬ್ಬರು ಸಿಗುವ ತನಕ ಕಾಯಬೇಕು. ನಾಲ್ಕು ವರ್ಷದ ಗಡುವು ಇಟ್ಟುಕೊಂಡಿರುವ ನಿಮಗೆ ಶೇಕಡಾವಾರು ಕಡಿತಕ್ಕಿಂತ ಈ ಕಾಯುವಿಕೆ ಹೆಚ್ಚು ಕಷ್ಟ ಕೊಡಬಹುದು.

ಅಂತರವೊಂದೇ ಎಲ್ಲವನ್ನೂ ಹೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ, ಹೆದ್ದಾರಿಯಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದ ಎರಡು ಮನೆಗಳನ್ನು ಒಂದೇ ವಾರದಲ್ಲಿ ನೋಡುವ ಸಂದರ್ಭ ಬಂದಿತ್ತು. ಮೊದಲನೆಯದರ ಬಳಿ ರಸ್ತೆ ನೆಲವನ್ನು ಕೊರೆದು ತಗ್ಗಿನಲ್ಲಿ ಸಾಗಿತ್ತು. ಹಿತ್ತಲಿನಲ್ಲಿ ನಿಂತು ಮಾತನಾಡುವಾಗ ರಸ್ತೆಯ ನೆನಪೇ ಬರಲಿಲ್ಲ. ಎರಡನೆಯದರ ಬಳಿ ಅದೇ ರಸ್ತೆ ಎತ್ತರದ ಮಣ್ಣಿನ ಏರಿಯ ಮೇಲೆ ಹಾದುಹೋಗಿತ್ತು. ಆ ಮನೆಯ ಮಹಡಿಯ ಕೋಣೆಯಲ್ಲಿ ಕಿಟಕಿಯ ಸಂದಿಗಳಿಗೆ ಮಡಿಸಿದ ಪತ್ರಿಕೆಯ ಹಾಳೆಗಳನ್ನು ತುರುಕಿದ್ದರು. ಕಿಟಕಿ ಕಟ್ಟೆಯ ಮೇಲೆ ಬೆರಳೆಳೆದರೆ ಜಿಡ್ಡಾದ ಕಪ್ಪು ಧೂಳು. ಕತ್ತಲಾದ ಮೇಲೆ ಪರದೆ ಸರಿಸಿದರೆ ವಾಹನಗಳ ದೀಪದ ಬೆಳಕು ಎದುರು ಗೋಡೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಿತ್ತು. ಭಾನುವಾರ ಮಧ್ಯಾಹ್ನ ಬಂದು ಮೆಚ್ಚಿ ಹೋಗಿದ್ದ ಒಬ್ಬರು, ಎರಡು ದಿನ ಬಿಟ್ಟು ರಾತ್ರಿ ಹತ್ತಕ್ಕೆ ಮತ್ತೆ ಬಂದು, ತಾರಸಿಯ ಮೇಲೆ ಐದು ನಿಮಿಷ ಸುಮ್ಮನೆ ನಿಂತು, ಮಾತೇ ಆಡದೆ ಇಳಿದು ಹೋದರಂತೆ. ಮನೆಯೊಡೆಯರು ಇದನ್ನು ಹೇಳುವಾಗ ಅವರ ಮುಖ ನೋಡಲು ನನಗೆ ಕಷ್ಟವಾಯಿತು.

ಹಾಗಾಗಿ ನೀವು ತಿಳಿಯಬೇಕಾದ ಮೊದಲ ಸಂಗತಿ ನಿಮ್ಮ ಮನೆಯ ನೇರಕ್ಕೆ ರಸ್ತೆ ಎಷ್ಟು ಎತ್ತರದಲ್ಲಿ ಬರುತ್ತದೆ ಎಂಬುದು. ರಸ್ತೆ ಕಣ್ಣಿಗೆ ಕಾಣದಂತೆ ತಡೆಗೋಡೆಯೋ ಮಣ್ಣಿನ ದಿಬ್ಬವೋ ಅಡ್ಡ ಬಂದರೆ ಅಷ್ಟರಿಂದಲೇ ಸುಮಾರು 5 ಡೆಸಿಬೆಲ್ ತಗ್ಗುತ್ತದೆ; ಅದಕ್ಕಿಂತ ಎತ್ತರವಾದ ಪ್ರತಿ ಮೀಟರಿಗೂ ಇನ್ನೊಂದೂವರೆ ಡೆಸಿಬೆಲ್. ಆದರೆ ತಡೆಗೋಡೆಯ ಪೂರ್ಣ ಪ್ರಯೋಜನ ಅದರ ಹಿಂದಿನ ಅರವತ್ತು ಮೀಟರ್ ಒಳಗಿನ ಮನೆಗಳಿಗೆ. ನಿಮ್ಮಷ್ಟು ದೂರಕ್ಕೆ, ಅದರಲ್ಲೂ ಮಹಡಿಗೆ, ಅಷ್ಟು ನೆರವು ಸಿಗದು. ನಿಮ್ಮ ಹಿಂದಿನ ಬಯಲಿನಲ್ಲಿ ಮುಂದೆ ಒಂದು ಸಾಲು ಕಟ್ಟಡ ಎದ್ದರೆ ಅದು ಯಾರೂ ಹಣ ಖರ್ಚು ಮಾಡದೆ ಸಿಕ್ಕ ತಡೆಗೋಡೆಯಾಗುತ್ತದೆ. ಆ ಬಯಲು ಯಾರದು, ಅಲ್ಲಿ ಏನು ಕಟ್ಟಲು ಅವಕಾಶವಿದೆ ಎಂಬುದನ್ನು ವಿಚಾರಿಸಿಡಿ.

ಎರಡನೆಯದು ವಾಹನಗಳ ಬಗೆ. ಜನ ಸಾಮಾನ್ಯವಾಗಿ "ಮುಂದೆ ವಾಹನ ಹೆಚ್ಚಾದರೆ ಗತಿಯೇನು" ಎಂದು ಹೆದರುತ್ತಾರೆ. ವಾಹನಗಳ ಸಂಖ್ಯೆ ಎರಡು ಪಟ್ಟಾದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, ಅದು ಕಿವಿಗೆ ಅಷ್ಟಿಷ್ಟು ಗೊತ್ತಾಗುವ ವ್ಯತ್ಯಾಸ. 10 ಡೆಸಿಬೆಲ್ ಏರಿದಾಗ ನಮ್ಮ ಕಿವಿಗೆ ಸದ್ದು ಎರಡು ಪಟ್ಟಾದಂತೆ ಕೇಳಿಸುತ್ತದೆ. ಸಂಖ್ಯೆಗಿಂತ ಹೆಚ್ಚು ಮುಖ್ಯವಾದುದು ಲಾರಿಗಳ ಪಾಲು ಮತ್ತು ವೇಗ. ಗಂಟೆಗೆ ಸುಮಾರು 88 ಕಿಲೋಮೀಟರ್ ವೇಗದಲ್ಲಿ ಹೋಗುವ ಒಂದು ಭಾರಿ ಲಾರಿಯ ಸದ್ದು ಅದೇ ವೇಗದ 28 ಕಾರುಗಳ ಸದ್ದಿಗೆ ಸಮ ಎಂದು ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತ ವಿವರಿಸುತ್ತದೆ. ಸರಕು ಲಾರಿಗಳು ರಾತ್ರಿಯ ಹೊತ್ತು ಹೆಚ್ಚಾಗಿ ಓಡುವ ಮಾರ್ಗವಾದರೆ ಹಗಲಿನಲ್ಲಿ ಮಾಡಿದ ಅಳತೆ ನಿಮಗೆ ಏನನ್ನೂ ಹೇಳುವುದಿಲ್ಲ. ಮೇಲಾಗಿ ಗಾಳಿಯಾಡದ ತಿಳಿಯಾದ ರಾತ್ರಿಗಳಲ್ಲಿ ನೆಲದ ಬಳಿ ತಂಪು, ಮೇಲೆ ಬಿಸಿ ಎಂಬ ಪದರ ಏರ್ಪಟ್ಟು, ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಕೆಳಗಿಳಿಯುತ್ತದೆ. ಹಗಲಿನಲ್ಲಿ ಕೇಳದ ರಸ್ತೆ ನಸುಕಿನಲ್ಲಿ ತಲೆದಿಂಬಿನ ಪಕ್ಕದಲ್ಲೇ ಇದ್ದಂತೆ ಕೇಳುವುದಕ್ಕೆ ಇದೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ರಸ್ತೆಯ ಸದ್ದು, ಸಂಜೆ ಮತ್ತು ರಾತ್ರಿಯ ಸದ್ದಿಗೆ ಹೆಚ್ಚು ತೂಕ ಕೊಟ್ಟು ತೆಗೆದ ಇಡೀ ದಿನದ ಸರಾಸರಿಯಲ್ಲಿ 53 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮೀರಬಾರದು ಎನ್ನುತ್ತದೆ. ಈ ಅಂಕಿಗಳನ್ನು ನೆನಪಿಟ್ಟುಕೊಂಡರೆ, ಯೋಜನೆಯ ಪರಿಸರ ವರದಿಯನ್ನು ಓದುವಾಗ ನಿಮಗೆ ಒಂದು ಅಳತೆಗೋಲು ಇರುತ್ತದೆ.

ನೆರೆಯವರ ಬಿರುಕಿನ ಭಯದ ಬಗ್ಗೆ ಹೇಳಬೇಕೆಂದರೆ, ನುಣುಪಾದ ಹೊಸ ರಸ್ತೆಯಲ್ಲಿ ಓಡುವ ಲಾರಿಗಳ ಕಂಪನ 180 ಮೀಟರ್ ದೂರದ ಗೋಡೆಯನ್ನು ಬಿರುಕು ಬಿಡಿಸುವಷ್ಟು ಇರುವುದಿಲ್ಲ. ಮನುಷ್ಯನ ದೇಹ ಕಟ್ಟಡಕ್ಕೆ ಹಾನಿ ಮಾಡುವ ಮಟ್ಟಕ್ಕಿಂತ ಬಹಳ ಕೆಳಗಿನ ಕಂಪನವನ್ನೂ ಗುರುತಿಸುತ್ತದೆ; ನಡುಕ ಅನುಭವಕ್ಕೆ ಬಂದ ಮೇಲೆ ಜನ ಗೋಡೆಗಳನ್ನು ಮೊದಲ ಬಾರಿಗೆ ಗಮನಿಸಿ ನೋಡುತ್ತಾರೆ, ವರ್ಷಗಳಿಂದ ಅಲ್ಲೇ ಇದ್ದ ಬಿರುಕು ಆಗ ಕಣ್ಣಿಗೆ ಬೀಳುತ್ತದೆ. ಕಾಮಗಾರಿಯ ಕಾಲದ ಮಾತು ಬೇರೆ. ಬಂಡೆ ಸಿಡಿಸುವುದು, ಕಂಬಗಳನ್ನು ನೆಲಕ್ಕೆ ಬಡಿದಿಳಿಸುವುದು, ಕಂಪಿಸುವ ರೋಲರ್ ಓಡಿಸುವುದು ಹತ್ತಿರದಲ್ಲಿ ನಡೆದರೆ ಹಾನಿಯ ಸಾಧ್ಯತೆ ಇದೆ. ಕೆಲಸ ಆರಂಭವಾಗುವ ಮೊದಲೇ ಪ್ರತಿ ಕೋಣೆಯ ಗೋಡೆ, ಮೂಲೆ, ಸಜ್ಜೆ, ನೆಲದ ಚಿತ್ರಗಳನ್ನು ದಿನಾಂಕ ಕಾಣುವಂತೆ ತೆಗೆದಿಡಿ, ಈಗಿರುವ ಬಿರುಕುಗಳ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಮುಂದೆ ಪರಿಹಾರ ಕೇಳಬೇಕಾಗಿ ಬಂದರೆ ಇದಕ್ಕಿಂತ ಬಲವಾದ ಸಾಕ್ಷಿ ಇನ್ನೊಂದಿಲ್ಲ.

ಮರ ನೆಟ್ಟರೆ ಸದ್ದು ನಿಲ್ಲುತ್ತದೆ ಎಂಬುದೂ ಅಂಥದೇ ನಂಬಿಕೆ. ಆಚೆ ಏನೂ ಕಾಣದಷ್ಟು ದಟ್ಟವಾದ, ಅರವತ್ತು ಮೀಟರ್ ಅಗಲದ ಎತ್ತರದ ಗಿಡಮರಗಳ ಪಟ್ಟಿ ಇದ್ದರೆ 10 ಡೆಸಿಬೆಲ್ ತಗ್ಗಬಹುದು. ಕಾಂಪೌಂಡಿನ ಒಂದು ಸಾಲು ಮರ ರಸ್ತೆಯನ್ನು ಕಣ್ಣಿನಿಂದ ಮರೆಮಾಡುತ್ತದೆ, ಮನಸ್ಸಿಗೆ ಹಿತ ಕೊಡುತ್ತದೆ, ನೋಡಲು ಬಂದವರಿಗೂ ಅದು ಮೆಚ್ಚುಗೆಯಾಗುತ್ತದೆ. ನೆಡಿ, ಖಂಡಿತ ನೆಡಿ. ಸದ್ದು ಹೋಗುತ್ತದೆ ಎಂದು ಮಾತ್ರ ಲೆಕ್ಕ ಹಾಕಬೇಡಿ.

ಬೆಲೆಯ ಚರ್ಚೆಯಲ್ಲಿ ಯಾರೂ ಎತ್ತದ ಎರಡು ವಿಷಯಗಳನ್ನು ನಾನು ಪ್ರತಿ ಸಲವೂ ಒತ್ತಿ ಹೇಳುತ್ತೇನೆ. ಒಂದು, ಮಳೆನೀರು. ಮಣ್ಣಿನ ಏರಿಯ ಮೇಲೆ ಬರುವ ಹೆದ್ದಾರಿ ನೀರಿನ ಪಾಲಿಗೆ ಒಂದು ಅಣೆಕಟ್ಟು. ಇಷ್ಟು ಕಾಲ ಬಯಲಿನಲ್ಲಿ ಹರಡಿಕೊಂಡು ಇಳಿಜಾರಿಗೆ ಹೋಗುತ್ತಿದ್ದ ನೀರು ಈಗ ಮೋರಿಯ ಬಾಯಿಗೇ ಬಂದು ಸೇರಬೇಕು. ಮೋರಿ ಚಿಕ್ಕದಾದರೆ, ತಪ್ಪು ಜಾಗದಲ್ಲಿದ್ದರೆ, ಅಥವಾ ಕಸ ಕಟ್ಟಿಕೊಂಡರೆ, ಮೊದಲ ಜೋರು ಮಳೆಗೇ ಏರಿಯ ಮೇಲ್ಬದಿಯ ಮನೆಗಳ ಅಂಗಳದಲ್ಲಿ ನೀರು ನಿಲ್ಲುತ್ತದೆ. ಸದ್ದಿಗೆಂದು ಬೆಲೆಯಲ್ಲಿ ಶೇ. 5 ಇಳಿಸಿ ಕೇಳುವ ಗ್ರಾಹಕ, ನೀರು ನುಗ್ಗುವ ಮನೆಯನ್ನು ಯಾವ ಬೆಲೆಗೂ ಕೊಳ್ಳುವುದಿಲ್ಲ. ನಿಮ್ಮ ನಿವೇಶನದಿಂದ ನೀರು ಸರ್ವೆ ಕಲ್ಲಿನ ಕಡೆಗೆ ಹರಿಯುತ್ತದೆಯೋ, ಅಲ್ಲಿಂದ ನಿಮ್ಮ ಕಡೆಗೆ ಬರುತ್ತದೆಯೋ ನೋಡಿ. ನೀರು ಆ ಕಡೆಗೆ ಹರಿಯುವುದಾದರೆ ನೀವು ಮೇಲ್ಬದಿಯಲ್ಲಿದ್ದೀರಿ. ನಿಮ್ಮ ನೇರಕ್ಕೆ ಮೋರಿ ಎಲ್ಲಿ, ಎಷ್ಟು ಅಗಲ ಎಂದು ಬರವಣಿಗೆಯಲ್ಲಿ ಕೇಳಿ. ನಕ್ಷೆ ಕಾಗದದ ಮೇಲಿರುವಾಗ ಒಂದು ಮೋರಿಯನ್ನು ಸರಿಸುವುದು ಸುಲಭ, ಏರಿ ಎದ್ದ ಮೇಲೆ ಅದು ಯಾರ ಕೈಯಲ್ಲೂ ಆಗದ ಕೆಲಸ.

ಇನ್ನೊಂದು, ದಾರಿ ಕಡಿದುಹೋಗುವುದು. ಈಗ ಬಯಲು ದಾಟಿ ಹತ್ತು ನಿಮಿಷದಲ್ಲಿ ನಡೆದು ಹೋಗುವ ಶಾಲೆ, ಬಸ್ ನಿಲ್ದಾಣ, ಮಾರುಕಟ್ಟೆ ಏನಾದರೂ ಆ ಬದಿಯಲ್ಲಿದ್ದರೆ, ಬೇಲಿ ಬಂದ ಮೇಲೆ ಅಂಡರ್‌ಪಾಸ್ ಇರುವಲ್ಲಿಗೆ ಸುತ್ತಿ ಹೋಗಬೇಕು. ಒಂದೂವರೆ ಕಿಲೋಮೀಟರ್ ಸುತ್ತು ಕಾರಿದ್ದವರಿಗೆ ಏನೂ ಅಲ್ಲ. ನಡೆದು ಹೋಗುವ ಮಕ್ಕಳಿಗೆ, ವಯಸ್ಸಾದವರಿಗೆ ಆ ಜಾಗ ಬೇರೆ ಊರೇ ಆಗಿಬಿಡುತ್ತದೆ. ಬಾಡಿಗೆಗೆ ಬರುವವರು ಇದನ್ನು ಕೂಡಲೇ ಗಮನಿಸುತ್ತಾರೆ.

ಈಗ ತಾಯಿಯವರ ಉಬ್ಬಸ. ನಾನು ವೈದ್ಯನಲ್ಲ, ಆದರೆ ಸ್ಥಳದ ಬಗ್ಗೆ ಹೇಳಬಲ್ಲೆ. ವಾಹನಗಳ ಹೊಗೆಯ ಸೂಕ್ಷ್ಮ ಕಣಗಳೂ ನೈಟ್ರೋಜನ್ ಡೈಆಕ್ಸೈಡ್ ಅನಿಲವೂ ರಸ್ತೆಯಂಚಿನಲ್ಲಿ ಅತಿ ಹೆಚ್ಚಿದ್ದು, ಮೊದಲ ನೂರೈವತ್ತು ಮೀಟರುಗಳಲ್ಲಿ ಬೇಗ ಇಳಿಯುತ್ತವೆ, ಆಮೇಲೆ ನಿಧಾನವಾಗಿ ಸುತ್ತಲಿನ ಮಟ್ಟಕ್ಕೆ ಬರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2003ರ ಕಾನೂನೊಂದು ದಟ್ಟ ವಾಹನ ಸಂಚಾರದ ಹೆದ್ದಾರಿಗಳಿಂದ 500 ಅಡಿಯೊಳಗೆ, ಅಂದರೆ ಸುಮಾರು 150 ಮೀಟರ್ ಒಳಗೆ, ಹೊಸ ಸರ್ಕಾರಿ ಶಾಲೆ ಕಟ್ಟುವುದನ್ನು ನಿರ್ಬಂಧಿಸಿದೆ. ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಪ್ರಕಟಿಸಿದ ವಿಮರ್ಶೆ ಇನ್ನಷ್ಟು ಎಚ್ಚರಿಕೆಯದು: ದೊಡ್ಡ ರಸ್ತೆಯಿಂದ 300ರಿಂದ 500 ಮೀಟರ್‌ವರೆಗಿನ ವಲಯವೇ ಹೊಗೆಯಿಂದ ಹೆಚ್ಚು ಬಾಧಿತವಾಗುವುದು ಎಂದು ಅದು ಗುರುತಿಸಿತು, ಉಬ್ಬಸ ಉಲ್ಬಣಿಸುವುದಕ್ಕೆ ವಾಹನದ ಹೊಗೆ ಕಾರಣ ಎನ್ನಲು ಸಾಕಷ್ಟು ಪುರಾವೆಯಿದೆ ಎಂದೂ ಹೇಳಿತು. ನಿಮ್ಮ 180 ಮೀಟರ್ ಈ ಎರಡರ ನಡುವೆ ಬರುತ್ತದೆ. ವರ್ಷದ ಹೆಚ್ಚು ಕಾಲ ಗಾಳಿ ರಸ್ತೆಯಿಂದ ಮನೆಯ ಕಡೆಗೆ ಬೀಸುತ್ತದೆಯೋ, ಮನೆಯಿಂದ ಆ ಕಡೆಗೋ ಎಂಬುದು ಇಲ್ಲಿ ನಿರ್ಣಾಯಕ. ಅದು ನಿಮಗೇ ಗೊತ್ತಿರುತ್ತದೆ. ಬೆಲೆ ಏನೇ ಆಗಲಿ, ಗಾಳಿ ನಿಮ್ಮ ಕಡೆಗೇ ಬೀಸುವುದಾದರೆ, ವೈದ್ಯರ ಸಲಹೆ ಪಡೆದು ಈ ಒಂದೇ ಕಾರಣಕ್ಕಾಗಿ ಮನೆ ಬಿಡುವ ತೀರ್ಮಾನ ಮಾಡಿದರೂ ಅದು ಅವಸರದ ತೀರ್ಮಾನವಲ್ಲ ಎಂದು ನಾನು ಹೇಳುತ್ತೇನೆ.

ಮಾರುವುದಾದರೆ ಯಾವಾಗ? ಹೆದ್ದಾರಿಯ ಬದುಕಿನಲ್ಲಿ ಬೆಲೆ ಒಂದೇ ಸಮನೆ ನಡೆಯುವುದಿಲ್ಲ. ಸುದ್ದಿ ಬಂದ ಹೊಸದರಲ್ಲಿ ನೆಲದ ಮೇಲೆ ಹಣ ಹೂಡುವವರು ಓಡಾಡುತ್ತಾರೆ, ಮಾತಿನ ಬೆಲೆ ಏರುತ್ತದೆ. ಭೂಸ್ವಾಧೀನದ ಕಾಲದಲ್ಲಿ ಯಾರ ಜಾಗ ಹೋಗುತ್ತದೆ, ಯಾರದು ಉಳಿಯುತ್ತದೆ ಎಂಬುದು ಸ್ಪಷ್ಟವಾಗದೆ ವ್ಯವಹಾರವೇ ಸ್ಥಗಿತವಾಗಬಹುದು. ಕಾಮಗಾರಿಯ ಎರಡು ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಮನೆ ಮಾರಲು ಅತ್ಯಂತ ಕೆಟ್ಟ ಕಾಲ: ಧೂಳು, ಟಿಪ್ಪರ್ ಲಾರಿಗಳು, ಅಗೆದುಬಿಟ್ಟ ದಾರಿ ಎಲ್ಲವೂ ಕಣ್ಣೆದುರಿಗಿರುತ್ತವೆ, ಮುಂದಿನ ಅನುಕೂಲ ಮಾತ್ರ ಕಾಣುತ್ತಿರುವುದಿಲ್ಲ. ರಸ್ತೆ ತೆರೆದು ಒಂದೆರಡು ವರ್ಷವಾದ ಮೇಲೆ, ಸದ್ದೆಷ್ಟು, ಸಮಯ ಉಳಿತಾಯವೆಷ್ಟು ಎಂಬುದು ಎಲ್ಲರಿಗೂ ತಿಳಿದು, ಬೆಲೆ ತನ್ನ ಜಾಗದಲ್ಲಿ ನಿಲ್ಲುತ್ತದೆ. ನಿಮ್ಮ ತೊಂದರೆಯೇನೆಂದರೆ, ನಾಲ್ಕು ವರ್ಷದ ನಿಮ್ಮ ಗಡುವು ಸರಿಯಾಗಿ ಆ ಕೆಟ್ಟ ಕಾಲದ ನಡುವೆ ಬಂದು ಬೀಳುವ ಸಾಧ್ಯತೆ ಹೆಚ್ಚು.

ಆದ್ದರಿಂದ ನಿಮ್ಮ ಮುಂದೆ ನಿಜವಾಗಿ ಇರುವುದು ಎರಡು ಹಾದಿಗಳು: ಕಾಮಗಾರಿಗೆ ಮೊದಲು ಮಾರುವುದು, ಅಥವಾ ರಸ್ತೆ ತೆರೆದು ನೆಲೆಗೊಂಡ ಮೇಲೆ, ಅಂದರೆ ಬಹುಶಃ ಆರೇಳು ವರ್ಷಗಳ ನಂತರ ಮಾರುವುದು. ಮೊದಲನೆಯದರಲ್ಲಿ ಅಪಾಯವೆಂದರೆ ಊರಿಗೆ ಬರಬಹುದಾದ ಏರಿಕೆ ನಿಮ್ಮ ಕೈತಪ್ಪುತ್ತದೆ, ಎರಡು ಬಾರಿ ಮನೆ ಬದಲಿಸುವ ಖರ್ಚು ಬೀಳಬಹುದು, ಮತ್ತು ಯೋಜನೆಯೇ ಮುಂದೂಡಲ್ಪಟ್ಟರೆ ಸುಮ್ಮನೆ ಮಾರಿದಂತಾಗುತ್ತದೆ. ಕಲ್ಲು ನೆಟ್ಟ ಎಲ್ಲ ಕಡೆಯೂ ರಸ್ತೆ ಆಗುವುದಿಲ್ಲ. ಎರಡನೆಯದರಲ್ಲಿ ಅಪಾಯವೆಂದರೆ ನಿವೃತ್ತಿಯ ನಂತರ ಎರಡು ಮೂರು ವರ್ಷ ಈ ಮನೆಯ ಹಣವಿಲ್ಲದೆ ನಡೆಸಬೇಕು. ನಡುವೆ ಬಾಡಿಗೆಗೆ ಕೊಟ್ಟು ಮಗಳ ಊರಿಗೆ ಹೋಗುವುದು ಹಲವರಿಗೆ ಹಿಡಿಸುವ ದಾರಿ. ಬಾಡಿಗೆಯವರು ಸದ್ದನ್ನು ಮಾಲೀಕರಿಗಿಂತ ಹೆಚ್ಚು ಸಹಿಸುತ್ತಾರೆ, ಸಾರಿಗೆಯ ಅನುಕೂಲವನ್ನು ಹೆಚ್ಚು ಬಯಸುತ್ತಾರೆ. ಆದರೆ ಕಾಮಗಾರಿಯ ವರ್ಷಗಳಲ್ಲಿ ಬಾಡಿಗೆಯೂ ಕುಗ್ಗಬಹುದು, ಮನೆ ಖಾಲಿಯೂ ಬೀಳಬಹುದು. ನನ್ನನ್ನು ಕೇಳಿದರೆ, ನಿವೃತ್ತಿ ವೇತನವೋ ಉಳಿತಾಯವೋ ನಿಮ್ಮ ಮೂರು ವರ್ಷದ ಖರ್ಚಿಗೆ ಸಾಲುವುದಾದರೆ ಎರಡನೆಯ ಹಾದಿಯನ್ನು ಯೋಚಿಸಬಹುದು. ಸಾಲದಿದ್ದರೆ ಕಾಯುವುದೇ ಒಂದು ಜೂಜು, ಈ ವರ್ಷವೇ ಮಾರುವ ಪ್ರಯತ್ನ ಮಾಡುವುದು ಮೇಲು.

ಯಾವ ಹಾದಿಗಾದರೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಭಾಗದಲ್ಲಿ ಐದಾರು ವರ್ಷಗಳ ಹಿಂದೆ ತೆರೆದ ಇಂಥದೇ ರಸ್ತೆಯೊಂದನ್ನು ಹುಡುಕಿ, ಅದರ ಅಂಚಿನಿಂದ 150–200 ಮೀಟರ್ ದೂರದ ಬಡಾವಣೆಯೊಂದಕ್ಕೆ ಹೋಗಿ. ಒಮ್ಮೆ ಹಗಲು, ಒಮ್ಮೆ ರಾತ್ರಿ ಹನ್ನೊಂದರ ಮೇಲೆ. ಅಲ್ಲಿ ಮನೆ ಮಾರಿದವರನ್ನು, ಕೊಂಡವರನ್ನು ಮಾತನಾಡಿಸಿ. ನೋಂದಣಿಯಾದ ಕ್ರಯಪತ್ರಗಳಲ್ಲಿನ ಮೊತ್ತವನ್ನು, ಅದೇ ಊರಿನ ಒಳಗಿನ ಬೀದಿಗಳ ಮೊತ್ತದ ಜೊತೆ ಇಟ್ಟು ನೋಡಿ. ಜಾಹೀರಾತಿನಲ್ಲಿ ಬರೆದ ಬೆಲೆ ಮಾರುವವನ ಆಸೆ. ಕ್ರಯಪತ್ರದಲ್ಲಿರುವುದು ನಡೆದ ವ್ಯವಹಾರ, ಅದರಲ್ಲೂ ಕಡಿಮೆ ತೋರಿಸುವ ರೂಢಿ ಇರುವ ಕಡೆ ಎಚ್ಚರವಿರಲಿ. ನಿಮ್ಮ ದಲ್ಲಾಳಿಯನ್ನೂ ನೇರವಾಗಿ ಕೇಳಿ: ಎರಡು ಪಟ್ಟಾದ ಒಂದು ವಾಸದ ಮನೆಯನ್ನು, ಖಾಲಿ ನಿವೇಶನವನ್ನಲ್ಲ, ತೋರಿಸಲು ಅವರಿಗೆ ಸಾಧ್ಯವೇ?

ಅಲ್ಲೇ ಉಳಿಯುವುದಾದರೆ ಕಿಟಕಿಗಳಿಗೆ ಹಣ ಹಾಕಿ. ಕಿಟಕಿ ಸ್ವಲ್ಪ ತೆರೆದಿದ್ದರೆ ಹೊರಗಿನ ಸದ್ದು ಒಳಗೆ ಬರುವಾಗ ಹತ್ತು ಹದಿನೈದು ಡೆಸಿಬೆಲ್ ಮಾತ್ರ ತಗ್ಗುತ್ತದೆ. ಸಂದಿಯಿಲ್ಲದಂತೆ ರಬ್ಬರ್ ಪಟ್ಟಿ ಕೂರಿಸಿ, ಬೇರೆ ಬೇರೆ ದಪ್ಪದ ಎರಡು ಪದರ ಗಾಜು ಹಾಕಿದ ಕಿಟಕಿ ಮುಚ್ಚಿದ್ದರೆ ಮೂವತ್ತು ಡೆಸಿಬೆಲ್‌ಗೂ ಹೆಚ್ಚು ತಗ್ಗಿಸಬಲ್ಲದು. ಗಾಜಿನ ದಪ್ಪಕ್ಕಿಂತ ಸಂದಿ ಮುಚ್ಚುವುದು ಮೊದಲು. ಕಿಟಕಿ ಮುಚ್ಚಿದ ಕೋಣೆಗೆ ಗಾಳಿ ಬರಲು ರಸ್ತೆಗೆ ಬೆನ್ನು ಮಾಡಿದ ಬದಿಯಿಂದ ವ್ಯವಸ್ಥೆ ಮಾಡಲೇಬೇಕು, ಇಲ್ಲದಿದ್ದರೆ ಎರಡನೆಯ ರಾತ್ರಿಯೇ ಕಿಟಕಿ ತೆರೆಯುತ್ತೀರಿ.

ಪರಿಹಾರದ ವಿಷಯದಲ್ಲಿ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ 1973ರ ಲ್ಯಾಂಡ್ ಕಾಂಪೆನ್ಸೇಶನ್ ಕಾಯ್ದೆಯ ಪ್ರಕಾರ, ಒಂದಿಂಚೂ ಜಾಗ ಹೋಗದವರು ಕೂಡ ಹೊಸ ರಸ್ತೆಯ ಸದ್ದು, ಕಂಪನ, ಹೊಗೆ, ಕೃತಕ ಬೆಳಕು ಮುಂತಾದವುಗಳಿಂದ ಮನೆಯ ಬೆಲೆ ಕುಗ್ಗಿದ್ದಕ್ಕೆ, ರಸ್ತೆ ತೆರೆದು ಒಂದು ವರ್ಷದ ನಂತರ ಪರಿಹಾರ ಕೇಳಬಹುದು. ಅನೇಕ ಕಡೆ ಜಾಗ ಹೋದವರಿಗೆ ಮಾತ್ರ ಪರಿಹಾರ, ಪಕ್ಕದವರಿಗೆ ಏನೂ ಇಲ್ಲ. ನಿಮಗೆ ಅನ್ವಯಿಸುವ ನಿಯಮವನ್ನು ವಕೀಲರಿಂದ ತಿಳಿದುಕೊಳ್ಳಿ. ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನಾಂಕವನ್ನು ಮಾತ್ರ ವಕೀಲರಿಗಾಗಿ ಕಾಯದೆ ಇಂದೇ ವಿಚಾರಿಸಿ. ತಡೆಗೋಡೆ, ಮೋರಿ, ಅಂಡರ್‌ಪಾಸ್ ಈ ಮೂರನ್ನೂ ಕೇಳಿ ಪಡೆಯಬಹುದಾದ ಅವಧಿ ಅದೊಂದೇ. ಇಡೀ ಬೀದಿಯವರು ಸಹಿ ಮಾಡಿ ಅಳತೆ ಸಮೇತ ಕೊಟ್ಟ ಒಂದು ಪುಟದ ಮನವಿಗೆ, ಒಬ್ಬರೇ ಬರೆದ ಹತ್ತು ಪುಟದ ದೂರಿಗಿಂತ ಹೆಚ್ಚು ಬೆಲೆ ಸಿಕ್ಕಿದ್ದನ್ನು ನೋಡಿದ್ದೇನೆ.

ಕೊಳ್ಳುವವರಿಗೆ ಹೇಳಬೇಕೇ ಎಂದು ಕೇಳಿದ್ದೀರಿ. ಹೇಳಿ. ಸರ್ವೆ ಕಲ್ಲು ಹಿತ್ತಲಿನಲ್ಲೇ ಇರುವಾಗ ಅದು ಮುಚ್ಚಿಡುವ ವಿಷಯವೂ ಅಲ್ಲ. ಮುಚ್ಚಿಟ್ಟು ಮಾರಿದ ಮೇಲೆ ವ್ಯವಹಾರ ರದ್ದುಗೊಳಿಸಲು, ನಷ್ಟ ಕೇಳಲು ನ್ಯಾಯಾಲಯಕ್ಕೆ ಹೋಗುವ ಅವಕಾಶ ಹಲವು ಕಡೆ ಕೊಂಡವರಿಗಿದೆ. ಯೋಜನೆಯ ನಕ್ಷೆಯ ಪ್ರತಿಯನ್ನು ನೀವೇ ಅವರ ಕೈಗೆ ಕೊಟ್ಟು, ಕೊಟ್ಟದ್ದನ್ನು ಕರಾರಿನಲ್ಲಿ ಬರೆಸಿ. ಹೆದ್ದಾರಿ ಬರುವುದೇ ಬೇಕು ಎನ್ನುವ ಗ್ರಾಹಕರೂ ಇರುತ್ತಾರೆ. ದಿನವೂ ದೂರ ಪ್ರಯಾಣ ಮಾಡುವವರು, ಸಾರಿಗೆ ವ್ಯವಹಾರದವರು. ನಿಮ್ಮ ಮನೆಗೆ ಸರಿಯಾದ ಬೆಲೆ ಕೊಡುವವರು ಅವರಲ್ಲೇ ಸಿಗುವ ಸಾಧ್ಯತೆ ಹೆಚ್ಚು, ಅವರನ್ನು ತಲುಪಲು ನೀವು ವಿಷಯವನ್ನು ತೆರೆದಿಡಲೇಬೇಕು.

ಈ ಎಲ್ಲ ಮಾಹಿತಿ ಕೂಡಿಬರಲು ಒಂದೆರಡು ತಿಂಗಳು ಹಿಡಿಯಬಹುದು. ಅಷ್ಟರಲ್ಲಿ ಯಾರಿಂದಲೂ ಮುಂಗಡ ತೆಗೆದುಕೊಳ್ಳಬೇಡಿ, ಯಾರಿಗೂ ಕಾಯುತ್ತೇನೆಂದು ಮಾತು ಕೊಡಬೇಡಿ. ತಾಯಿಯವರ ಹಾಸಿಗೆಯನ್ನು ಮಾತ್ರ, ಬಯಲಿಗೆ ಮೊದಲ ಟಿಪ್ಪರ್ ಬರುವ ಮೊದಲೇ, ಮನೆಯ ಮುಂಭಾಗದ ಕೋಣೆಗೆ ಬದಲಾಯಿಸಿ. ಕಾಮಗಾರಿಯ ಧೂಳು ಹೊಗೆಗಿಂತ ಮೊದಲು ಬರುತ್ತದೆ.